ಮಣ್ಣೆತ್ತು ಮತ್ತು ಎರಡು ವರ್ಷದ ಕೂಸು
ಜ್ಯೇಷ್ಠ ಮಾಸದ ಅಮಾವಾಸ್ಯೆ ಬಂದಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಮನೆಗಳಲ್ಲಿ ಜೋಡಿ ಮಣ್ಣೆತ್ತುಗಳಿಗೆ ಪೂಜೆ ಸಲ್ಲುತ್ತದೆ. ಎತ್ತು ಮಾಡುವವರ ಪಕ್ಕದಲ್ಲಿ ಎರಡು ವರ್ಷದ ಕೂಸನ್ನೂ ಕುಳ್ಳಿರಿಸಿ, ಅದರ ಕೈಗೊಂದು ಹಸಿ ಎರೆಮಣ್ಣಿನ ಮುದ್ದೆಯನ್ನು ಕೊಟ್ಟು ನೋಡಬೇಕು. ಕೂಸು ಒತ್ತುತ್ತದೆ, ಚಿವುಟುತ್ತದೆ, ಉರುಟು ಮಾಡುತ್ತದೆ; ಮುಂದೆ ಬಳಪ ಹಿಡಿಯಬೇಕಾದ ಬೆರಳುಗಳಿಗೆ ಅದೇ ಮೊದಲ ಸಾಮು. ಕೋಡು ಎರಡು, ಕಾಲು ನಾಲ್ಕು ಎಂದು ತಾಯಿ ಮುಟ್ಟಿ ತೋರಿಸಿದರೆ ಮಾತೂ ಎಣಿಕೆಯೂ ಕಿವಿಗೆ ಬೀಳುತ್ತವೆ. ಮಣ್ಣು ಬಾಯಿಗೆ ಹೋಗದಂತೆ ಒಂದು ಕಣ್ಣು ಮಾತ್ರ ಅತ್ತ ಇರಲೇಬೇಕು; ಕೊನೆಗೆ ಕೈ ತೊಳೆಯುವುದೂ ಕೂಸಿಗೆ ಆಟವೇ!

ಎತ್ತಿನ ಕಾಲು ಮುರಿದು ಕೂಸು ಚೀರತೊಡಗಿದಾಗಲೇ ನಿಜವಾದ ಪರೀಕ್ಷೆ. ಮೊಬೈಲನ್ನು ಕೈಗಿಟ್ಟು ಬಾಯಿ ಮುಚ್ಚಿಸುವುದು ಸುಲಭ. ಆದರೆ ಒಂದು ವರ್ಷದ ಮಕ್ಕಳಿಗೆ ಪರದೆಯೇ ಬೇಡವೆಂದೂ, ಎರಡು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಸೂಚಿಸಿದೆ. "ಕಾಲ ಮುರೀತೇನವ್ವಾ, ಸಿಟ್ಟ ಬಂತೇನ?" ಎಂದು ಅಳುವಿಗೊಂದು ಹೆಸರು ಕೊಟ್ಟು, ನೀರು ಸವರಿ, ಕೂಸಿನ ಕೈಯಿಂದಲೇ ಮತ್ತೆ ಅಂಟಿಸುವುದು ಲೇಸು. ಅಂಟದಿದ್ದರೂ ಚಿಂತೆಯಿಲ್ಲ. ಮರುದಿನ ಹುಡುಗರು ಕುಂಟೆತ್ತು ಹಿಡಿದು ಮನೆಮನೆಗೆ ಜೋಳ ಬೇಡುವ ವಾಡಿಕೆ ಉತ್ತರ ಕರ್ನಾಟಕದ ಹಲವೆಡೆ ಉಂಟು. ಕೂಸಿನ ಎತ್ತೂ ಅವರೊಡನೆ ಹೊರಡಬಹುದು.