ಮನೆ ಸಿಗುವ ತನಕ: ಬೀದಿಗೆ ಬಿದ್ದ ಎಳೆಯ ನಾಯಿಯ ಆರೈಕೆ

ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ನಾಯಿಮರಿಗಳು ಹೆಚ್ಚಾಗಿ ಹುಟ್ಟುವುದು ಚಳಿಗಾಲದಲ್ಲಿ. ಅಡಿಕೆ ಒಣಗುವ ಅಂಗಳದಲ್ಲಿ ಉರುಳಾಡುವ ಮರಿಯನ್ನು ಮನೆಮಂದಿಯೆಲ್ಲ ಎತ್ತಿ ಮುದ್ದಾಡುತ್ತಾರೆ. ಜೂನ್ ತಿಂಗಳ ಮಳೆ ಹಿಡಿಯುವ ಹೊತ್ತಿಗೆ ಅದೇ ಮರಿಗೆ ಆರೇಳು ತಿಂಗಳು ತುಂಬಿರುತ್ತದೆ. ಕಾಲು ಉದ್ದವಾಗಿ, ಹಲ್ಲು ಗಟ್ಟಿಯಾಗಿ, ಚಪ್ಪಲಿ ಹರಿಯುವ, ಕೋಳಿ ಅಟ್ಟುವ, ಕೆಸರುಗಾಲಿನಲ್ಲಿ ಮೈಮೇಲೆ ಹಾರುವ ಪ್ರಾಯ ಅದು. ಮುದ್ದಿನ ಮರಿ ಉಪದ್ರವವೆನಿಸುವುದು ಆಗಲೇ. ಹೆಣ್ಣಾಗಿದ್ದರಂತೂ ಇನ್ನು ಮರಿ ಹಾಕೀತೆಂಬ ಭಯವೂ ಸೇರಿಕೊಳ್ಳುತ್ತದೆ. ಹೀಗೆ ಬೇಡವಾದವು ಮಾಣಿಯಿಂದ ಪುತ್ತೂರು, ಸುಳ್ಯ, ಸಂಪಾಜೆಯ ಮೂಲಕ ಮೈಸೂರಿನತ್ತ ಸಾಗುವ ಹೆದ್ದಾರಿಯ ಬಸ್ಸು ತಂಗುದಾಣಗಳಲ್ಲಿ ನೆನೆದು ಕುಳಿತಿರುವುದನ್ನು ಮಳೆಗಾಲದಲ್ಲಿ ಯಾರೂ ಕಾಣಬಹುದು.

ಕಳೆದ ಮಳೆಗಾಲದಲ್ಲಿ ಅಂಥದೊಂದು ಹೆಣ್ಣು ನಾಯಿ ನಮ್ಮ ಮನೆಗೆ ಬಂದಿತು. ಕೆಂಪು ಬಣ್ಣ, ನೆಟ್ಟಗಿನ ಕಿವಿ, ಸುಮಾರು ಏಳು ತಿಂಗಳ ಪ್ರಾಯ. ಕೆಂಪಿ ಎಂದು ಕರೆದೆವು. ನಾವೂ ನಮ್ಮ ಮನೆಯವರೂ ಅರುವತ್ತು ದಾಟಿದವರಾದ್ದರಿಂದ ಇನ್ನು ಹನ್ನೆರಡು ಹದಿಮೂರು ವರ್ಷ ಒಂದು ನಾಯಿಯ ಹೊಣೆ ಹೊರುವ ಪ್ರಾಯ ನಮ್ಮದಲ್ಲ. ಆದರೆ ಅದಕ್ಕೆ ತಕ್ಕ ಮನೆ ಸಿಗುವ ತನಕ ಕೆಲವು ತಿಂಗಳು ಇರಿಸಿಕೊಳ್ಳಬಹುದಲ್ಲವೇ? ಇಂಥ ತಾತ್ಕಾಲಿಕ ಪಾಲನೆಗೆ ನಗರಗಳಲ್ಲಿ 'ಫೋಸ್ಟರ್' ಎನ್ನುತ್ತಾರೆ. ಬೆಂಗಳೂರಿನ 'ಕ್ಯೂಪಾ', ಮಂಗಳೂರು ಶಕ್ತಿನಗರದ 'ಅನಿಮಲ್ ಕೇರ್ ಟ್ರಸ್ಟ್' ಮುಂತಾದ ಸಂಸ್ಥೆಗಳು ಅನಾಥ ಪ್ರಾಣಿಗಳಿಗೆ ಆಶ್ರಯ ಕೊಟ್ಟು ಮನೆ ಹುಡುಕಿಕೊಡುವ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿವೆ. ನಮ್ಮ ಹಳ್ಳಿಗಳಿಗೆ ಆ ಹೆಸರು ಹೊಸದಾದರೂ ಕೆಲಸ ಹೊಸದಲ್ಲ.

ಮನೆಗೆ ತಂದ ದಿನವೇ ನಾಯಿಯನ್ನು ಎಲ್ಲರೊಡನೆ ಬೆರೆಸಬಾರದು. ಕೊಟ್ಟಿಗೆಯ ಮೂಲೆಯನ್ನೋ ಹಿಂದಿನ ಜಗಲಿಯನ್ನೋ ಬೇರೆ ಮಾಡಿ, ಒಣ ಗೋಣಿ ಹಾಸಿ, ನೀರಿಟ್ಟು ಮಲಗಬಿಡಬೇಕು. ದಿಕ್ಕೆಟ್ಟ ಪ್ರಾಣಿಗೆ ಮೊದಲು ಬೇಕಾದುದು ನಿದ್ದೆ. ಕೆಂಪಿ ಮೊದಲ ಎರಡು ದಿನ ನಿದ್ದೆಯಲ್ಲೇ ಕಳೆಯಿತು. 'ಎಷ್ಟು ಸಾಧು ನಾಯಿ!' ಎಂದು ನೆರೆಯವರು ಹೊಗಳಿದರು. ಮೂರನೆಯ ದಿನ ಅದರ ನಿಜಸ್ವರೂಪ ತಿಳಿಯಿತು.

ಈ ನಡುವೆ ಪಶುವೈದ್ಯರಿಗೆ ತೋರಿಸುವುದು ಅಗತ್ಯ. ನಾವು ಮನುಷ್ಯರ ವೈದ್ಯರು. ಪಾಲಕಾಪ್ಯನ ಹಸ್ತ್ಯಾಯುರ್ವೇದ, ಶಾಲಿಹೋತ್ರನ ಅಶ್ವಶಾಸ್ತ್ರಗಳಿರುವ ಪರಂಪರೆಯಲ್ಲಿ ಕಲಿತವರಾದರೂ ನಾಯಿಗೆ ಕಷಾಯ ಅರೆದು ಕುಡಿಸುವ ಸಾಹಸಕ್ಕೆ ಹೋಗಲಿಲ್ಲ. ಜಂತುಹುಳದ ಔಷಧ, ರೇಬೀಸ್ ಚುಚ್ಚುಮದ್ದು, ಡಿಸ್ಟೆಂಪರ್, ಪಾರ್ವೋ ಮತ್ತು ಇಲಿಜ್ವರದ ವಿರುದ್ಧದ ಲಸಿಕೆ, ಇವೆಲ್ಲ ಪಶುವೈದ್ಯರು ಹೇಳಿದ ಕ್ರಮದಲ್ಲಿ ಆಗಬೇಕು. ಕರಾವಳಿಯ ಮಳೆಗಾಲದಲ್ಲಿ ಇಲಿಜ್ವರ ಮನುಷ್ಯರನ್ನೂ ಕಾಡುವ ರೋಗ. ಸೋಂಕು ತಗಲಿದ ನಾಯಿಯ ಮೂತ್ರದಿಂದಲೂ ಅದು ಹರಡಬಲ್ಲುದು. ಆದುದರಿಂದ ನಾಯಿ ಮಲಗುವ ಜಾಗವನ್ನು ಬರಿಗಾಲಲ್ಲಿ, ಬರಿಗೈಯಲ್ಲಿ ತೊಳೆಯಬಾರದು.

ಇನ್ನು ಉಣುಗು. ಕೆಂಪಿಯ ಕಿವಿಯ ಒಳಗೂ ಬೆರಳುಗಳ ಸಂದಿಯಲ್ಲೂ ಹರಳಿನಂತೆ ಉಬ್ಬಿದ ಉಣುಗುಗಳಿದ್ದವು. ಅವನ್ನು ಬೆರಳಿನಿಂದ ಹಿಸುಕದೆ ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ೧೯೮೦ರ ದಶಕದ ಆರಂಭದಲ್ಲಿ ನೆರೆಯ ಬೆಳ್ತಂಗಡಿಯ ಕಾಡಂಚಿಗೂ ಬಂದು ಅನೇಕರನ್ನು ಬಲಿ ತೆಗೆದುಕೊಂಡಿತು. ಅದನ್ನು ಹರಡುವುದು ಕಾಡಿನ ಉಣುಗು. ಕಾಡಂಚಿನಲ್ಲಿ ತಿರುಗಿ ಬರುವ ನಾಯಿಯ ಮೈಯನ್ನು ದಿನವೂ ತಡವಿ ನೋಡುವ ಅಭ್ಯಾಸ ನಾಯಿಗೂ ಒಳ್ಳೆಯದು, ಮನೆಯವರಿಗೂ ಒಳ್ಳೆಯದು.

ನಾಲ್ಕನೆಯ ದಿನ ನಡೆದ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತೋಟದ ಕೆಲಸಕ್ಕೆ ಬರುವ ಹೆಂಗಸಿನ ಮಗ, ಎಂಟು ವರ್ಷದ ಹುಡುಗ, ಕೆಂಪಿಯೊಡನೆ ಓಡಿದ. ಅದು ಆಟದ ಭರದಲ್ಲಿ ಅವನ ಮುಂಗೈಯನ್ನು ಬಾಯಲ್ಲಿ ಹಿಡಿಯಿತು. ಹಲ್ಲು ತಾಗಿ ರಕ್ತ ಜಿನುಗಿತು. ಕೆಂಪಿಗೆ ರೇಬೀಸ್ ಲಸಿಕೆ ಹಾಕಿಸಿ ಒಂದೇ ದಿನವಾಗಿತ್ತು. ಅಷ್ಟರಲ್ಲಿ ಲಸಿಕೆಯ ರಕ್ಷಣೆ ಬಂದಿರುವುದಿಲ್ಲ. ಹುಡುಗನ ತಾಯಿ ಗಾಬರಿಯಿಂದ, "ಡಾಕ್ಟ್ರೇ, ನೀವೇ ಒಂದು ಮದ್ದು ಕೊಡಿ, ಸಾಕು. ಇಲ್ಲದಿದ್ರೆ ನಮ್ಮಲ್ಲಿ ನಾಯಿ ಕಚ್ಚಿದ್ದಕ್ಕೆ ಬೇರು ಕೊಡುವವರಿದ್ದಾರೆ" ಎಂದಳು.

"ಬೇಡಮ್ಮಾ, ಇದಕ್ಕೆ ನನ್ನ ಮದ್ದೂ ಬೇಡ, ಅವರ ಬೇರೂ ಬೇಡ" ಎಂದು ಹೇಳಿ ನಲ್ಲಿಯ ಕೆಳಗೆ ಹುಡುಗನ ಕೈಯಿರಿಸಿ ಸಾಬೂನು ಹಚ್ಚಿ ಹದಿನೈದು ನಿಮಿಷ ಗಡಿಯಾರ ನೋಡಿ ತೊಳೆದೆವು. ಹದಿನೈದು ನಿಮಿಷವೆಂದರೆ ಅಳುವ ಮಗುವಿನೊಡನೆ ಬಹಳ ದೀರ್ಘಕಾಲ. ಆದರೂ ಅದನ್ನು ಕಡಿಮೆ ಮಾಡಲಾಗದು. ಅರಿಸಿನ, ಸುಣ್ಣ, ಕಾಫಿಪುಡಿ ಏನನ್ನೂ ಹಚ್ಚದೆ ಅವನನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದೆವು. ರಕ್ತ ಬಂದ ಗಾಯವಾದ್ದರಿಂದ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಿ ಲಸಿಕೆಯ ಮೊದಲ ಸುತ್ತನ್ನು ಅಂದೇ ಕೊಟ್ಟರು. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ ೩, ೭ ಮತ್ತು ೨೮ನೆಯ ದಿನ ಮತ್ತೆ ಹೋಗಬೇಕು. ಹತ್ತು ದಿನ ಕಳೆದರೂ ಕೆಂಪಿ ಆರೋಗ್ಯವಾಗಿಯೇ ಇತ್ತು. ಆದರೂ ಹುಡುಗನ ಲಸಿಕೆಯನ್ನು ನಡುವೆ ನಿಲ್ಲಿಸದೆ ಪೂರ್ತಿಗೊಳಿಸಲಾಯಿತು.

ಆಯುರ್ವೇದ ವೈದ್ಯರಾಗಿಯೇ ಈ ಮಾತನ್ನು ಬರೆಯುತ್ತಿದ್ದೇವೆ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚುನಾಯಿಯ ಕಡಿತದ ವರ್ಣನೆಯಿದೆ. ನೀರಿಗೆ ಬೆದರುವ ಜಲತ್ರಾಸದ ಲಕ್ಷಣ ಕಾಣಿಸಿಕೊಂಡ ರೋಗಿ ಉಳಿಯುವುದಿಲ್ಲವೆಂದು ಆಚಾರ್ಯರು ಅಂದೇ ಸ್ಪಷ್ಟಪಡಿಸಿದ್ದಾರೆ. ಇಂದಿಗೂ ಆ ಸ್ಥಿತಿಗೆ ಮದ್ದಿಲ್ಲ. ಇರುವುದು ಅಲ್ಲಿಗೆ ತಲುಪದಂತೆ ತಡೆಯುವ ಲಸಿಕೆ ಮಾತ್ರ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೫೯,೦೦೦ ಮಂದಿ ರೇಬೀಸಿನಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಶಾಸ್ತ್ರದ ಮೇಲಿನ ಅಭಿಮಾನಕ್ಕೆ ಒಂದು ಮಗುವಿನ ಪ್ರಾಣವನ್ನು ಪಣವಾಗಿಡುವುದು ಶಾಸ್ತ್ರಕ್ಕೇ ಅಪಚಾರ. ಬೀದಿಯ ನಾಯಿಯನ್ನು ಮನೆಗೆ ತರಬೇಕೆಂದಿರುವವರು ತಾವೂ ವೈದ್ಯರನ್ನು ಕಂಡು ಮುಂಜಾಗ್ರತೆಯ ಲಸಿಕೆ ಪಡೆಯುವುದು ಮೇಲು. ಮೊದಲ ಒಂದು ತಿಂಗಳು ಮಕ್ಕಳು ನಾಯಿಯೊಡನೆ ಒಂಟಿಯಾಗಿರಬಾರದು.

ಈಗ ಕೆಂಪಿಯ ತುಂಟತನದ ವಿಚಾರ. ಅದು ಎರಡು ಜೊತೆ ಚಪ್ಪಲಿ, ಒಂದು ಛತ್ರಿ, ಬಾವಿಕಟ್ಟೆಯ ಹಗ್ಗ, ಮನೆಯವರ ಹೊಸ ಸೀರೆಯ ಸೆರಗು, ಇಷ್ಟನ್ನು ಮೂರು ವಾರಗಳಲ್ಲಿ ಮುಗಿಸಿತು. ಬಂದವರ ಎದೆಯ ಮಟ್ಟಕ್ಕೆ ಹಾರುತ್ತಿತ್ತು. ಬೆಳಗಿನ ಪೂಜೆಗೆ ನಾವು ಕುಳಿತೆವೆಂದರೆ ಹೊರಗಿನಿಂದ ಅದರ ರಾಗ ಆರಂಭ. 'ಕಟ್ಟಿಹಾಕಿ, ಬುದ್ಧಿ ಬರುತ್ತದೆ' ಎಂಬುದು ಎಲ್ಲರ ಸಲಹೆ. ಊರಿನಲ್ಲಿ ನಾಯಿಯನ್ನು ಹಗಲು ಕಟ್ಟಿ ರಾತ್ರಿ ಬಿಡುವುದು ರೂಢಿ. ಗಿಡ್ಡ ಸರಪಳಿಯಲ್ಲಿ ಹಗಲೆಲ್ಲ ಕಟ್ಟಿದ ಎಳೆಯ ನಾಯಿಗೆ ಬರುವುದು ಬುದ್ಧಿಯಲ್ಲ, ಸಿಟ್ಟು. ದಾರಿಹೋಕರೆಲ್ಲ ಅದಕ್ಕೆ ವೈರಿಗಳಾಗುತ್ತಾರೆ. ಬಿಚ್ಚಿದ ಗಳಿಗೆಯಲ್ಲಿ ಕಚ್ಚುವುದು ಅಂಥ ನಾಯಿಯೇ. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ನಾಯಿಯನ್ನು ಸದಾ ಕಟ್ಟಿಹಾಕಿ ವ್ಯಾಯಾಮ ಕೊಡದಿರುವುದನ್ನು ಹಿಂಸೆಯೆಂದೇ ಎಣಿಸಿದೆ. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ತ್ಯಜಿಸುವುದೂ ಅದರಂತೆ ಅಪರಾಧ.

ಆರು ತಿಂಗಳಿಂದ ಸುಮಾರು ಒಂದೂವರೆ ವರ್ಷದವರೆಗಿನದು ನಾಯಿಯ ಹರೆಯ. ಹಾರುವುದು, ಹರಿಯುವುದು, ಬಾಯಲ್ಲಿ ಹಿಡಿಯುವುದು ಆ ಪ್ರಾಯದ ಸಹಜ ಗುಣ. ಅದನ್ನು ಅಡಗಿಸುವುದಕ್ಕಿಂತ ಹರಿಯುವ ದಾರಿ ತೋರಿಸುವುದು ಸುಲಭ. ಪೂಜೆಗೆ ಮೊದಲೇ, ಇನ್ನೂ ಕತ್ತಲಿರುವಾಗ, ನಾವು ಕೆಂಪಿಯನ್ನು ಉದ್ದದ ಹಗ್ಗದಲ್ಲಿ ಮುಕ್ಕಾಲು ಗಂಟೆ ನಡೆಸಿಕೊಂಡು ಬರತೊಡಗಿದೆವು. ಅವಸರಪಡಿಸದೆ ಬೇಲಿ, ತೋಡು, ಮರದ ಬುಡಗಳನ್ನೆಲ್ಲ ಮೂಸಲು ಬಿಡುತ್ತಿದ್ದೆವು. ಮೂಸುವುದರಿಂದ ನಾಯಿಗೆ ಓಟದಷ್ಟೇ ದಣಿವಾಗುತ್ತದೆ. ಮನೆಗೆ ಬಂದ ಮೇಲೆ ಜಗಿಯಲು ಒಣಗಿದ ಅಡಿಕೆ ಹಾಳೆ. ಅದರೊಳಗೆ ತಿಂಡಿಯ ಚೂರು ಮಡಿಚಿಟ್ಟರೆ ಅರ್ಧ ಗಂಟೆ ಮನೆ ನಿಶ್ಶಬ್ದ. ಇದಕ್ಕಿಂತ ಅಗ್ಗದ ಆಟಿಕೆ ಯಾವ ಅಂಗಡಿಯಲ್ಲಿಯೂ ಇಲ್ಲ! ಮೈಮೇಲೆ ಹಾರಿದಾಗ ಗದರದೆ, ಕೈಯಿಂದ ತಳ್ಳದೆ, ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆವು. ನಾಲ್ಕು ಕಾಲೂ ನೆಲದಲ್ಲಿದ್ದಾಗ ಮಾತ್ರ ಮಾತು, ತಿಂಡಿ. ಗದರುವುದೂ ತಳ್ಳುವುದೂ ಅದಕ್ಕೆ ಆಟದಂತೆಯೇ ಕಾಣುತ್ತದೆ. ಮನೆಯ ಎಲ್ಲರೂ ಹೀಗೆಯೇ ನಡೆದುಕೊಂಡರೆ ಮಾತ್ರ ಇದು ಫಲಿಸುತ್ತದೆ. ನಮ್ಮ ಮೊಮ್ಮಗಳು ರಜೆಗೆ ಬಂದು ಎರಡು ದಿನ ಅದನ್ನು ಎದೆಗೆ ಹಾರಿಸಿಕೊಂಡು ನಕ್ಕದ್ದರಿಂದ ಎರಡು ವಾರದ ಕಲಿಕೆ ನೀರುಪಾಲಾಯಿತು. ಪುನಃ ಮೊದಲಿನಿಂದ ಆರಂಭಿಸಿದೆವು.

ಆಹಾರದ ಬಗ್ಗೆ ಭಕ್ತರು ಪದೇ ಪದೇ ಕೇಳುವುದುಂಟು. ಸಸ್ಯಾಹಾರಿ ಮನೆಗಳಲ್ಲಿ ಅನ್ನ ಮಜ್ಜಿಗೆಯಲ್ಲೇ ನಾಯಿ ಬೆಳೆದೀತೆಂಬ ನಂಬಿಕೆಯಿದೆ. ಬದುಕೀತು, ಆದರೆ ಬೆಳೆಯುವ ಪ್ರಾಯದ ನಾಯಿಗೆ ಅಷ್ಟರಲ್ಲಿ ಸಾಕಷ್ಟು ಪ್ರೋಟೀನು ಸಿಗುವುದಿಲ್ಲ. ನಾಯಿ ಅನ್ನವನ್ನು ಅರಗಿಸಿಕೊಳ್ಳಬಲ್ಲುದಾದರೂ ಸ್ವಭಾವತಃ ಮಾಂಸ ತಿನ್ನುವ ಪ್ರಾಣಿಗಳ ವಂಶದ್ದು. ಮೊಟ್ಟೆ, ಮಾಂಸ ನಮ್ಮ ಅಡುಗೆಮನೆಗೆ ಬರುವುದಿಲ್ಲ. ಆದುದರಿಂದ ಅಂಗಡಿಯ ಒಣ ಆಹಾರವನ್ನು ತಂದು, ಹೊರಗಿನ ಜಗಲಿಯಲ್ಲೇ ಬೇರೆ ಪಾತ್ರೆಯಲ್ಲಿಟ್ಟು ಹಾಕಿದೆವು. ಜೊತೆಗೆ ಮೊಸರು, ಬೇಯಿಸಿದ ಕುಂಬಳ. ನಮ್ಮ ಆಚಾರವನ್ನು ನಾವು ಪಾಲಿಸಬೇಕು, ಅದನ್ನು ನಾಯಿಯ ಹೊಟ್ಟೆಯ ಮೇಲೆ ಹೇರಬೇಕಾಗಿಲ್ಲ ಎಂಬುದು ನಮ್ಮ ಅಭಿಪ್ರಾಯ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಸಾಂಬಾರಿನ ಅನ್ನ ಹಾಕುವವರು ಇದನ್ನು ನೆನಪಿನಲ್ಲಿಡಬೇಕು.

ತೋಟದ ಮನೆಗಳಲ್ಲಿ ಇನ್ನೆರಡು ಎಚ್ಚರ ಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತು ವಿಷವೇ. ಡ್ರಮ್ಮಿನ ಬಳಿ ನಿಂತ ನೀರನ್ನು ನಾಯಿ ನೆಕ್ಕದಂತೆ ನೋಡಿಕೊಳ್ಳಬೇಕು. ಅಡಿಕೆಯೂ ಹಾಗೆಯೇ. ಅದರಲ್ಲಿರುವ ಅರೆಕೋಲಿನ್ ಎಂಬ ಸತ್ತ್ವವನ್ನು ಹಿಂದೆ ಪಶುವೈದ್ಯರು ನಾಯಿಯ ಲಾಡಿಹುಳ ಉದುರಿಸಲು ಬಳಸುತ್ತಿದ್ದರು. ಅಂಗಳದ ಅಡಿಕೆಯನ್ನು ಜಗಿದು ನುಂಗಿದ ನಾಯಿಗೆ ಜೊಲ್ಲು, ವಾಂತಿ, ಭೇದಿ ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಮನೆ ಹುಡುಕುವುದು ಸಾಕುವುದಕ್ಕಿಂತ ಕಷ್ಟ. ಕಾಸರಗೋಡಿನವರಾದ ಕಿರಣ್‌ರಾಜ್ ನಿರ್ದೇಶಿಸಿದ '೭೭೭ ಚಾರ್ಲಿ' ೨೦೨೨ರಲ್ಲಿ ತೆರೆಕಂಡಾಗ ಅದನ್ನು ನೋಡಿ ಆಗಿನ ಮುಖ್ಯಮಂತ್ರಿಗಳೇ ಕಣ್ಣೀರಿಟ್ಟರು. ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲೂ ಹಲವರು ಆ ಚಿತ್ರವನ್ನು ನೆನೆಯುತ್ತಾರೆ. ಆದರೆ ಅವರಿಗೆ ಬೇಕಾದುದು ಚಿತ್ರದಲ್ಲಿದ್ದಂಥ ಲ್ಯಾಬ್ರಡಾರ್. ಊರ ನಾಯಿ, ಅದರಲ್ಲೂ ಹೆಣ್ಣು ಎಂದೊಡನೆ ಮಾತು ಬೇರೆ ಕಡೆಗೆ ಹೊರಳುತ್ತದೆ. ಎರಡು ತಿಂಗಳಾದ ಮೇಲೆ ಪೇಟೆಯ ಒಂದು ಕುಟುಂಬ ಆಸೆಪಟ್ಟು ಕೆಂಪಿಯನ್ನು ಕೊಂಡೊಯ್ದಿತು. ಹಾರುತ್ತದೆ, ಹರಿಯುತ್ತದೆ, ದಿನವೂ ನಡೆಸಬೇಕು ಎಂದೆಲ್ಲ ತಿಳಿಸಿಯೇ ಕಳುಹಿಸಿದ್ದೆವು. ಒಂಬತ್ತನೆಯ ದಿನ ರಿಕ್ಷಾದಲ್ಲಿ ಮರಳಿ ತಂದರು. ಮನೆಯ ಅಜ್ಜಿಯ ಮೇಲೆ ಹಾರಿ ಬೀಳಿಸುವುದರಲ್ಲಿತ್ತಂತೆ. ಹೆದ್ದಾರಿಯಲ್ಲಿ ಇಳಿಸಿ ಹೋಗದೆ ನಮ್ಮ ಬಾಗಿಲಿಗೇ ತಂದುಬಿಟ್ಟ ಆ ಮನೆಯವರ ಪ್ರಾಮಾಣಿಕತೆಯನ್ನು ನಾವು ಗೌರವಿಸುತ್ತೇವೆ. ಹಾಗೆ ತರಲು ಅವರಿಗೆ ಸಂಕೋಚವಾಗದಂತೆ, 'ಸರಿಹೋಗದಿದ್ದರೆ ಯಾವ ಹೊತ್ತಿನಲ್ಲಾದರೂ ಇಲ್ಲಿಗೇ ತನ್ನಿ' ಎಂದು ಕೊಡುವಾಗಲೇ ಹೇಳಿರಬೇಕು. ಈ ಒಂದು ಮಾತಿನಿಂದ ಎಷ್ಟೋ ನಾಯಿಗಳು ಬೀದಿ ತಪ್ಪಿಸಿಕೊಳ್ಳುತ್ತವೆ.

ಇಕ್ಕಟ್ಟಿನ ಮನೆಗೆ ಹೊರೆಯಾದ ಓಟ, ಬೊಬ್ಬೆಗಳೇ ತೋಟಕ್ಕೆ ಬೇಕಾದ ಗುಣಗಳು. ಮಂಗಗಳು ಎಳನೀರು ಉದುರಿಸುವ, ಕಾಡುಹಂದಿ ಬಾಳೆ ಅಗೆಯುವ ಕಡೆ ಚುರುಕಾದ ನಾಯಿಯನ್ನು ಹುಡುಕುವವರಿದ್ದಾರೆ. ಕಡಬದ ಕಡೆಯ ಒಬ್ಬ ಕೃಷಿಕರು ಎರಡು ಸಲ ಬಂದು ನೋಡಿದರು. ಮೂರನೆಯ ಸಲ ಹೆಂಡತಿಯನ್ನೂ ಕರೆತಂದರು. ನಾವೂ ಅವರ ಮನೆಗೆ ಹೋಗಿ ಬಂದೆವು. ಕಾಡು ಹತ್ತಿರ, ಚಿರತೆ ಹಟ್ಟಿಯವರೆಗೆ ಬರುವ ಜಾಗ. ಅಂಗಳದಲ್ಲಿ ಕಟ್ಟಿದ ನಾಯಿ ಅದಕ್ಕೆ ಸುಲಭದ ತುತ್ತು. ರಾತ್ರಿ ಬಾಗಿಲು ಹಾಕಿದ ಕೊಟ್ಟಿಗೆಯೊಳಗೆ ಮಲಗಿಸುವುದಾದರೆ ಮಾತ್ರ ಎಂದೆವು. ಒಪ್ಪಿದರು. ಹಂದಿಗೆ ಉರುಳು ಇಡುವುದಿಲ್ಲವೆಂದೂ ಮಾತು ಕೊಟ್ಟರು.

ಕೊಡುವ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದೆವು. ಹೊಲಿಗೆ ಒಣಗಲು ಹತ್ತು ಹನ್ನೆರಡು ದಿನ ಬೇಕಾಯಿತು. ಹೊಸ ಮನೆಯವರೇ ಮಾಡಿಸಲಿ ಎಂದು ಬಿಟ್ಟರೆ ಅದು ಆಗುವುದು ಅಪರೂಪ. ನಾಯಿ ಗರ್ಭ ಧರಿಸಿದರೆ ಒಂಬತ್ತು ವಾರಗಳಲ್ಲಿ ಆರೇಳು ಮರಿ, ಅವಕ್ಕೆ ಮನೆ ಹುಡುಕುವವರು ಯಾರು? ಬೀದಿನಾಯಿಗಳ ಸಂಖ್ಯೆಯನ್ನು ನಿಯಂತ್ರಿಸಲು ೨೦೨೩ರ ಕೇಂದ್ರ ನಿಯಮಗಳು ಹೇಳುವುದೂ ಸಂತಾನಹರಣ ಮತ್ತು ರೇಬೀಸ್ ಲಸಿಕೆ, ಇವೆರಡನ್ನೇ.

ಒಟ್ಟು ಮೂರು ತಿಂಗಳು ಹತ್ತು ದಿನ ಕೆಂಪಿ ನಮ್ಮಲ್ಲಿತ್ತು. ಹೊರಡುವ ದಿನ ಲಸಿಕೆಯ ಚೀಟಿ, ಅದು ತಿನ್ನುತ್ತಿದ್ದ ಆಹಾರದ ಅರ್ಧ ಚೀಲ, ಮಲಗುತ್ತಿದ್ದ ಗೋಣಿ ಇಷ್ಟನ್ನೂ ಜೀಪಿನಲ್ಲಿಟ್ಟೆವು. ಹಳೆಯ ವಾಸನೆಯಿರುವ ಗೋಣಿ ಹೊಸ ಜಾಗದಲ್ಲಿ ಮೊದಲ ರಾತ್ರಿಯ ನಿದ್ದೆಗೆ ಸಹಾಯಕ. ಒಂದು ಹಾಳೆಯಲ್ಲಿ ಅದರ ಅಭ್ಯಾಸಗಳನ್ನೂ ಬರೆದುಕೊಟ್ಟೆವು: ಗುಡುಗಿಗೆ ಹೆದರುತ್ತದೆ, ಛತ್ರಿ ಕಂಡರೆ ಬಿಡುವುದಿಲ್ಲ, ಮಕ್ಕಳು ಓಡಿದರೆ ಅಟ್ಟಿಸಿಕೊಂಡು ಹೋಗುತ್ತದೆ, ಬೆನ್ನು ತಿರುಗಿಸಿ ನಿಂತರೆ ಕುಳಿತುಕೊಳ್ಳುತ್ತದೆ. ಮುಂದಿನ ರೇಬೀಸ್ ಲಸಿಕೆಯ ತಿಂಗಳನ್ನು ಆ ಕೃಷಿಕರು ತಮ್ಮ ಗೋಡೆಯ ಪಂಚಾಂಗದಲ್ಲೂ ನಾವು ನಮ್ಮದರಲ್ಲೂ ಗುರುತು ಹಾಕಿಕೊಂಡಿದ್ದೇವೆ. ನಮ್ಮ ಮನೆಯವರು ಹೊಸ ಛತ್ರಿಯನ್ನು ಇನ್ನೂ ಕಪಾಟಿನ ಮೇಲೆಯೇ ಇಡುತ್ತಿದ್ದಾರೆ.