ನಿಮ್ಮ ಮನೆಯವರಿಗೆ ನಿಮ್ಮ ಹಾಡು ಗೊತ್ತೇ?



ಹಿಂದಿನ ಲೇಖನಗಳಲ್ಲಿ ಉಪ್ಪು, ನಿದ್ದೆ, ಬಿಪಿ ಮಾತ್ರೆಗಳ ಬಗ್ಗೆ ಮಾತಾಡಿದ್ದೆವು. ಇವತ್ತು ಹಾಡಿನ ಬಗ್ಗೆ. "ಹಾರ್ಟ್ ಡಾಕ್ಟರಿಗೂ ಹಾಡಿಗೂ ಏನು ಸಂಬಂಧ?" ಎಂದು ನಗಬೇಡಿ. ಐದು ನಿಮಿಷ ಕೊಟ್ಟು ಓದಿ. ಕೊನೆಯಲ್ಲಿ ನಿಮಗೊಂದು ಚಿಕ್ಕ ಕೆಲಸವಿದೆ.

ಕೆಲವು ತಿಂಗಳ ಹಿಂದಿನ ಮಾತು. ವಿಜಯಪುರ ಕಡೆಯ ಹಿರಿಯರೊಬ್ಬರು ಇಲ್ಲಿ ಧನಕವಡಿಯಲ್ಲಿರುವ ಮಗನ ಮನೆಗೆ ಬಂದಿದ್ದರು. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದೆ ಎಂದು ತೋರಿಸಿಕೊಂಡರು. ಪರೀಕ್ಷೆ ಮಾಡಿದ ಮೇಲೆ ಆ್ಯಂಜಿಯೋಗ್ರಫಿ ಬೇಕೆಂದು ತೀರ್ಮಾನವಾಯಿತು. ನಿಮಗೆ ಗೊತ್ತಿರಬಹುದು, ಇದರಲ್ಲಿ ರೋಗಿಗೆ ಪೂರ್ತಿ ಎಚ್ಚರವಿರುತ್ತದೆ. ಮಣಿಕಟ್ಟಿನ ಹತ್ತಿರ ಮಾತ್ರ ಮರಗಟ್ಟಿಸಿ, ಅಲ್ಲಿಂದ ಸಣ್ಣ ನಳಿಕೆಯನ್ನು ಹೃದಯದವರೆಗೆ ಕಳಿಸುತ್ತೇವೆ. ನೋವು ಕಡಿಮೆ, ಆದರೆ ಭಯ ಬಹಳ. ಸುತ್ತ ಯಂತ್ರಗಳು, ಮುಖಗವಸು ಹಾಕಿದ ಜನ, ಎಲ್ಲರದೂ ಮರಾಠಿ ಮಾತು. ಅವರ ಬಿಪಿ 180 ದಾಟಿತ್ತು. ಕೈ ನಡುಗುತ್ತಿತ್ತು.

ನಮ್ಮ ಕ್ಯಾಥ್‌ಲ್ಯಾಬಿನಲ್ಲಿ ಸಣ್ಣ ಧ್ವನಿಯಲ್ಲಿ ಹಿಂದಿ ಸಿನಿಮಾ ಹಾಡು ಹಾಕಿರುತ್ತೇವೆ. ನಾನು ಕನ್ನಡದಲ್ಲಿ ಕೇಳಿದೆ, "ಕಾಕಾ, ನಿಮಗ ಬೇಕಾದ ಹಾಡು ಹಚ್ಚಲೇನ್ರಿ?"

"ನನಗೇನ್ ಕೇಳ್ತೀರಿ ಸಾಹೇಬ್ರ, ಯಾವುದಾದ್ರೂ ಹಚ್ರಿ" ಎಂದರು. ಹೊರಗೆ ಕೂತಿದ್ದ ಮಗನನ್ನು ಕೇಳಿಸಿದೆ. ಅವನು ತಬ್ಬಿಬ್ಬಾದ. "ಅಪ್ಪ ಹಾಡು ಕೇಳೋದನ್ನ ನಾ ನೋಡೇ ಇಲ್ರಿ ಸರ್" ಎಂದು ಹೇಳಿ ಕಳಿಸಿದ. ತಂದೆಯ ಮಾತ್ರೆಗಳ ಪಟ್ಟಿ ಅವನಿಗೆ ಬಾಯಿಪಾಠ. ಹಾಡು ಮಾತ್ರ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹಿರಿಯರೇ ಮೆಲ್ಲಗೆ ಕೇಳಿದರು, "ಶರೀಫ್ ಸಾಹೇಬ್ರ ಪದ ಸಿಗ್ತಾವೇನ್ರಿ?"

ಕನ್ನಡದ ಒಂದಕ್ಷರ ಬಾರದ ನಮ್ಮ ಸಿಸ್ಟರ್ ಮೊಬೈಲಿನಲ್ಲಿ ಹುಡುಕಿ, ಸಿ. ಅಶ್ವತ್ಥ್ ಅವರು ಹಾಡಿದ ಶಿಶುನಾಳ ಶರೀಫರ ಪದ ಹಾಕಿದರು. ಎರಡನೇ ಪದದ ಹೊತ್ತಿಗೆ ಅವರ ಹೆಬ್ಬೆರಳು ತಾಳ ಹಾಕುತ್ತಿತ್ತು. ಬಿಪಿ ಇಳಿಯಿತು. ಹಾಡಿನಿಂದಲೇ ಇಳಿಯಿತು ಎಂದು ನಾನು ಹೇಳುವುದಿಲ್ಲ, ಭಯ ತಗ್ಗಿಸುವ ಔಷಧವನ್ನೂ ಕೊಟ್ಟಿದ್ದೆವು. ಆದರೆ ನಡುಗುತ್ತಿದ್ದ ಕೈ ತಾಳ ಹಾಕಿದ್ದನ್ನು ಮಾತ್ರ ಕಣ್ಣಾರೆ ಕಂಡೆ.

*ಹಾಡು ಕೇಳಿದಾಗ ದೇಹದಲ್ಲಿ ಏನಾಗುತ್ತದೆ?*

ಹೃದಯದ ಬಡಿತ, ಉಸಿರು, ರಕ್ತದೊತ್ತಡ ಇವು ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಸ್ವನಿಯಂತ್ರಿತ ನರಮಂಡಲ ಅವನ್ನು ನೋಡಿಕೊಳ್ಳುತ್ತದೆ. ಕಿವಿಯಿಂದ ಹೋದ ನಾದ ಮಿದುಳಿನ ಮೂಲಕ ಈ ನರಮಂಡಲವನ್ನೂ ತಲುಪುತ್ತದೆ.

ಇಟಲಿಯ ಪಾವಿಯಾದ ವೈದ್ಯ ಲೂಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 24 ಜನರಿಗೆ ಆರು ಬಗೆಯ ಸಂಗೀತ ಕೇಳಿಸಿದರು. ಅದರಲ್ಲಿ ನಮ್ಮ ಭಾರತದ ರಾಗವೂ ಒಂದು. ಲಯ ವೇಗವಾದಂತೆ ಉಸಿರು, ಬಡಿತ, ಬಿಪಿ ಏರಿದವು. ಕೇಳುಗರ ಇಷ್ಟಕ್ಕಿಂತ ಲಯದ ವೇಗವೇ ಇಲ್ಲಿ ಮುಖ್ಯವಾಗಿತ್ತು. ಇನ್ನೊಂದು ಸ್ವಾರಸ್ಯ: ನಡುವೆ ಎರಡು ನಿಮಿಷ ಸಂಗೀತ ನಿಲ್ಲಿಸಿದಾಗ ಬಡಿತವೂ ಬಿಪಿಯೂ ಮೊದಲಿದ್ದ ಮಟ್ಟಕ್ಕಿಂತ ಕೆಳಗಿಳಿದವು. ಅಂದರೆ ಹಾಡಿನ ನಂತರದ ಮೌನಕ್ಕೂ ಬೆಲೆಯಿದೆ.

ಹೃದಯದ ರೋಗಿಗಳ ಮೇಲೆ ನಡೆದ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ವಿಮರ್ಶೆ 2013ರಲ್ಲಿ ಬಂತು. ಸಂಗೀತದಿಂದ ಆತಂಕ ಸ್ವಲ್ಪ ಕಡಿಮೆಯಾಗುತ್ತದೆ, ರೋಗಿಯೇ ತನ್ನ ಹಾಡನ್ನು ಆರಿಸಿಕೊಂಡಾಗ ಪರಿಣಾಮ ಹೆಚ್ಚು ಎಂದು ಅದು ಹೇಳಿತು.

ಎರಡನ್ನೂ ಸೇರಿಸಿ ಹೀಗೆ ನೆನಪಿಡಿ: *ದೇಹ ಲಯವನ್ನು ಹಿಂಬಾಲಿಸುತ್ತದೆ, ಮನಸ್ಸು ಪರಿಚಯವನ್ನು ಹುಡುಕುತ್ತದೆ.* ಭಯದ ಹೊತ್ತಿನಲ್ಲಿ ಬೇಕಾದದ್ದು ಯಾರೋ ಹೇಳಿದ "ಒಳ್ಳೆಯ ಸಂಗೀತ" ಅಲ್ಲ, ನಿಮ್ಮ ಹಾಡು.

*ದಿನದ ಐದು ಹೊತ್ತು, ಐದು ಹಾಡು*

*1. ಬೆಳಿಗ್ಗೆ ಎದ್ದಾಗ.* ಎಚ್ಚರವಾಗುವ ಹೊತ್ತಿಗೆ ಬಿಪಿ ತಾನಾಗಿಯೇ ಏರುತ್ತದೆ. ಹೃದಯಾಘಾತಗಳೂ ಬೆಳಗಿನ ಹೊತ್ತು ಹೆಚ್ಚು. ಆದ್ದರಿಂದ ಎದ್ದ ಕೂಡಲೇ ಟಿವಿಯ ಜಗಳ, ಆಫೀಸಿನ ಮೆಸೇಜು ಬೇಡ. ನಿಧಾನವಾಗಿ ಶುರುವಾಗುವ ಹಾಡು ಹಾಕಿ. ನನ್ನದು ಭೀಮಸೇನ ಜೋಶಿಯವರ ದಾಸರ ಪದ. ಗದಗ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ನೆಲೆಸಿದರು. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಇಲ್ಲಿ ಅವರು ಆರಂಭಿಸಿದ ಸಂಗೀತೋತ್ಸವ ಈಗಲೂ ಡಿಸೆಂಬರಿನಲ್ಲಿ ನಡೆಯುತ್ತದೆ. ನಮ್ಮ ಅಡಿಗೆಮನೆಯಲ್ಲಿ ಅವರ ದಾಸರ ಪದ ನಡೆಯುತ್ತಿದ್ದರೆ ಪಕ್ಕದ ಮನೆಯಲ್ಲಿ ಅವರದೇ ಮರಾಠಿ ಅಭಂಗ. ಭಾಷೆ ಎರಡು, ಕಂಠ ಒಂದು. ಊರು ಬಿಟ್ಟು ಬಂದ ನಮ್ಮಂಥವರಿಗೆ ಅದೊಂದು ಧೈರ್ಯ.

*2. ವಾಕಿಂಗ್ ಹೊತ್ತು.* ಇಲ್ಲಿ ಚುರುಕಾದ ಲಯದ ಹಾಡು ಒಳ್ಳೆಯದು, ಕಾಲು ತಾನಾಗಿ ಎದ್ದು ನಡೆಯುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವ್ಯಾಯಾಮ ಬೇಕು. ಮಧ್ಯಮ ಎಂದರೆ ಎಷ್ಟು? ಅದಕ್ಕೆ ಯಂತ್ರ ಬೇಡ. ನಡೆಯುತ್ತಾ ಹಾಡಲು ನೋಡಿ. ಮಾತಾಡಲು ಆಗುತ್ತದೆ, ಹಾಡಲು ಉಸಿರು ಸಾಲುವುದಿಲ್ಲ ಎಂದರೆ ವೇಗ ಸರಿಯಾಗಿದೆ. ಆರಾಮಾಗಿ ಹಾಡಬಲ್ಲಿರಾದರೆ ಸ್ವಲ್ಪ ಜೋರಾಗಿ ನಡೆಯಿರಿ. ಎರಡು ಮಾತಿಗೇ ಏದುಸಿರು ಬಂದರೆ ನಿಧಾನಿಸಿ. ತಳಜಾಯಿ ಗುಡ್ಡಕ್ಕೆ ವಾಕಿಂಗ್ ಹೋಗುವ ನಮ್ಮ ರೋಗಿಗಳಿಗೆ ಇದನ್ನೇ ಹೇಳುತ್ತೇನೆ. ನಡೆಯುವಾಗ ಎದೆ ಹಿಡಿದರೆ ಮಾತ್ರ ತಕ್ಷಣ ನಿಲ್ಲಿ, ವೈದ್ಯರನ್ನು ಕಾಣಿ.

*3. ಸಿಟ್ಟು ಬಂದಾಗ.* ಸಂಜೆ ಸ್ವಾರಗೇಟಿನಿಂದ ಕಾತ್ರಜ್ ಕಡೆಗೆ ಬರುವವರಿಗೆ ಈ ಸಿಟ್ಟಿನ ಪರಿಚಯ ಮಾಡಿಕೊಡಬೇಕಿಲ್ಲ. ಕಾರಿನಲ್ಲಿದ್ದರೆ ಡೋಲು ಬಡಿಯುವ ಹಾಡು ಬೇಡ, ನಿಧಾನ ಲಯದ್ದು ಸಣ್ಣ ಧ್ವನಿಯಲ್ಲಿರಲಿ. ಸ್ಕೂಟರಿನಲ್ಲಿದ್ದರೆ ಯಾವ ಹಾಡೂ ಬೇಡ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಗಾಡಿ ಓಡಿಸಬೇಡಿ. ಮನೆ ತಲುಪಿದ ಮೇಲೆ ಹಾಡು ನಿಲ್ಲಿಸಿ ಎರಡು ನಿಮಿಷ ಸುಮ್ಮನೆ ಕೂತು ಆಮೇಲೆ ಮೆಟ್ಟಿಲು ಹತ್ತಿ. ಹೊರಗಿನ ಸಿಟ್ಟು ಮನೆಯ ಮಕ್ಕಳ ಮೇಲೆ ಬೀಳುವುದು ಕಡಿಮೆಯಾಗುತ್ತದೆ. ನನ್ನ ಮನೆಯಲ್ಲಿ ಕಡಿಮೆಯಾಗಿದೆ.

*4. ಮನಸ್ಸು ಭಾರವಾದಾಗ.* ದುಃಖದಲ್ಲಿದ್ದವರಿಗೆ "ಕುಣಿಯೋ ಹಾಡು ಹಾಕಿಕೋ" ಎನ್ನುತ್ತೇವೆ. ಬಹಳ ಸಲ ಅದು ಹಿಡಿಸುವುದಿಲ್ಲ. ಭಾರವಾದ ಮನಸ್ಸಿಗೆ ಜೊತೆಗೆ ಕೂರುವ ಹಾಡು ಬೇಕು. ಭಾವಗೀತೆಗಳನ್ನು ಕೇಳುತ್ತಾ ನಾಲ್ಕು ಹನಿ ಕಣ್ಣೀರು ಬಂದರೆ ಬರಲಿ, ತಪ್ಪೇನಿಲ್ಲ. ನನಗೆ ಊರಿನ ನೆನಪು ಕಾಡಿದರೆ ಕೆ.ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆಯ ಹಾಡುಗಳು ಬೇಕು. ಆ ಪುಸ್ತಕ ಬಂದದ್ದು 1942ರಲ್ಲಿ, ನಾನು ಹುಟ್ಟುವ ಎಷ್ಟೋ ಮೊದಲು. ಆದರೆ ಎಚ್ಚರ: ಎರಡು ವಾರವಾದರೂ ಬೇಸರ ಕಳೆಯದಿದ್ದರೆ, ಊಟ ನಿದ್ದೆ ಕೆಟ್ಟರೆ, ಬದುಕೇ ಬೇಡ ಎನಿಸಿದರೆ ಅದು ಹಾಡಿಗೆ ಬಿಡುವ ಮಾತಲ್ಲ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416, ಕರೆ ಉಚಿತ.

*5. ನಿದ್ದೆ ಬಾರದಾಗ.* ಬರ್ನಾರ್ಡಿಯವರದೇ ಇನ್ನೊಂದು ಅಧ್ಯಯನ 2001ರದು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ, ಮಂತ್ರವಾಗಲಿ, ಹೇಳುತ್ತಾ ಹೋದವರ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ನಿಧಾನ ಉಸಿರು ಹೃದಯಕ್ಕೆ ವಿಶ್ರಾಂತಿ. ಹಾಗಾಗಿ ರಾತ್ರಿ ಕೇಳುವುದಕ್ಕಿಂತ ಮೆಲ್ಲಗೆ ಗುನುಗುವುದು ಮೇಲು. ಭಜನೆಯೋ ವಚನವೋ ಜೋಗುಳವೋ, ನಿಮ್ಮ ನಂಬಿಕೆಯದು. ಮೊಬೈಲ್ ಮಾತ್ರ ದಿಂಬಿನಿಂದ ದೂರವಿರಲಿ.

*ಹಾಡು ಔಷಧವಲ್ಲ*

ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. "ಈ ರಾಗ ಕೇಳಿದರೆ ಬ್ಲಾಕೇಜ್ ಕರಗುತ್ತದೆ" ಎಂಬ ಮೆಸೇಜು ನಿಮಗೂ ಬಂದಿರಬಹುದು. ರಕ್ತನಾಳದಲ್ಲಿ ಕೂತ ಕೊಬ್ಬನ್ನು ಯಾವ ರಾಗವೂ ಕರಗಿಸುವುದಿಲ್ಲ. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ.

ಕುಮಾರ ಗಂಧರ್ವರ ಕಥೆ ಇಲ್ಲಿ ನೆನಪಾಗುತ್ತದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಹರೆಯದಲ್ಲೇ ದೊಡ್ಡ ಹೆಸರು ಮಾಡಿದ್ದಾಗ ಕ್ಷಯರೋಗ ಬಂತು. ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ, ಹಾಡಲೇಬಾರದೆಂಬ ಕಟ್ಟಪ್ಪಣೆ. ಅವರನ್ನು ಬದುಕಿಸಿದ್ದು ಆಗ ಹೊಸದಾಗಿ ಬಂದಿದ್ದ ಸ್ಟ್ರೆಪ್ಟೋಮೈಸಿನ್ ಔಷಧ. ಆದರೆ ಮಲಗಿದ್ದಲ್ಲೇ ಕಿವಿಗೆ ಬಿದ್ದ ಮಾಳವದ ಜನಪದ ಹಾಡುಗಳು ಅವರೊಳಗೆ ಉಳಿದವು. ಮತ್ತೆ ವೇದಿಕೆಗೆ ಬಂದಾಗ ಅವರ ಸಂಗೀತದಲ್ಲಿ ಆ ಮಣ್ಣಿನ ಸೊಗಡು ಸೇರಿತ್ತು. ಔಷಧ ಜೀವ ಉಳಿಸಿತು, ಹಾಡು ಆ ಜೀವಕ್ಕೊಂದು ದಾರಿ ಕೊಟ್ಟಿತು. ಎರಡೂ ಬೇಕು, ಒಂದರ ಕೆಲಸ ಇನ್ನೊಂದು ಮಾಡಲಾರದು.

ಇನ್ನು ಮೂರು ಮಾತು ನೆನಪಿಡಿ.

– ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಬಂದರೆ ಮನಸ್ಸು ಶಾಂತ ಮಾಡಿಕೊಳ್ಳುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಇದೇ ಸಂಖ್ಯೆ.

– ಧ್ವನಿ ಹಿತಮಿತವಾಗಿರಲಿ. 80 ಡೆಸಿಬೆಲ್ ಧ್ವನಿಯಲ್ಲಿ ವಾರಕ್ಕೆ 40 ಗಂಟೆ ಮೀರಿ ಕೇಳಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಧ್ವನಿ ಅದಕ್ಕಿಂತ ಜೋರಾದಷ್ಟೂ ಸಮಯ ಕಡಿಮೆಯಾಗಬೇಕು. ಗಣೇಶೋತ್ಸವದ ಮೆರವಣಿಗೆಯಲ್ಲಿ ಹೃದಯದ ತೊಂದರೆ ಇರುವವರು ದೊಡ್ಡ ಸ್ಪೀಕರುಗಳಿಂದ ದೂರ ನಿಲ್ಲಿ.

– ಯಾರಾದರೂ ಕುಸಿದು ಬಿದ್ದು ಪ್ರಜ್ಞೆಯಿಲ್ಲದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಆ ವೇಗ ಹೇಗೆ ಗೊತ್ತಾಗಬೇಕು? ನಿಮಗಿಷ್ಟದ ಒಂದು ಹಾಡಿಗೆ ಚಪ್ಪಾಳೆ ತಟ್ಟಿ ಗಡಿಯಾರ ನೋಡಿ. 15 ಸೆಕೆಂಡಿಗೆ 25ರಿಂದ 30 ಚಪ್ಪಾಳೆ ಬಂದರೆ ಅದೇ ಲಯ. ಅಂಥ ಒಂದು ಹಾಡನ್ನು ಇವತ್ತೇ ಆರಿಸಿಟ್ಟುಕೊಳ್ಳಿ.

*ಈಗ ನಿಮ್ಮ ಕೆಲಸ*

ಆ ಹಿರಿಯರ ಮಗನ ಬಗ್ಗೆ ನನಗೆ ಅಂದು ಸ್ವಲ್ಪ ಬೇಸರವಾಗಿತ್ತು. ತಂದೆಯ ಜೊತೆಗಿದ್ದೂ ಅವರ ಒಂದು ಹಾಡು ಗೊತ್ತಿಲ್ಲವೇ ಎಂದು. ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು, ನನ್ನ ತಾಯಿಯ ಹಾಡು ಯಾವುದು? ಅವ್ವನ ಬಿಪಿ, ಶುಗರ್, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ ಎಲ್ಲ ಗೊತ್ತು. ಹಾಡು ಗೊತ್ತಿಲ್ಲ.

ಅಂದೇ ರಾತ್ರಿ ಊರಿಗೆ ಫೋನ್ ಮಾಡಿದೆ. "ಅವ್ವಾ, ನಿನಗ ಯಾವ ಹಾಡು ಇಷ್ಟ?"

"ಗುಳಿಗಿ ಕೇಳೋದು ಬಿಟ್ಟು ಹಾಡು ಯಾಕ ಕೇಳಾಕತ್ತಿ? ಆರಾಮ ಅದಿ ಇಲ್ಲೋ?" ಎಂದು ಗಾಬರಿಯಾದಳು. ಬಹಳ ಒತ್ತಾಯಿಸಿದ ಮೇಲೆ ಹೇಳಿದ್ದು ಸಿನಿಮಾ ಹಾಡಲ್ಲ, ರೇಡಿಯೋದ್ದೂ ಅಲ್ಲ. ಅವಳ ತಾಯಿ ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಒಂದು ಪದ. ನನ್ನನ್ನು ತೊಟ್ಟಿಲಲ್ಲಿ ತೂಗುವಾಗಲೂ ಅದನ್ನೇ ಹಾಡುತ್ತಿದ್ದಳಂತೆ. "ಒಂದಿಷ್ಟು ಹಾಡವ್ವಾ" ಎಂದೆ. ನಾಚುತ್ತಲೇ ಎರಡು ನುಡಿ ಹಾಡಿದಳು. ಮೂರನೆಯದು ಅವಳಿಗೂ ಮರೆತಿತ್ತು.

ಅಂತರ್ಜಾಲದಲ್ಲಿ ಹುಡುಕಿದೆ. ಸಿಗಲಿಲ್ಲ. ಮುಂದೊಂದು ದಿನ ಅವ್ವ ಆಸ್ಪತ್ರೆಯ ಹಾಸಿಗೆಯಲ್ಲಿ ಹೆದರಿ ಮಲಗಿದರೆ ಯಾವ ಸಿಸ್ಟರೂ ಆ ಹಾಡನ್ನು ಮೊಬೈಲಿನಲ್ಲಿ ಹುಡುಕಿ ಹಾಕಲಾರರು. ಮರುದಿನ ತಂಗಿಗೆ ಹೇಳಿ ಅವಳ ದನಿಯಲ್ಲೇ ರೆಕಾರ್ಡ್ ಮಾಡಿಸಿದೆ. ಈಗ ಅದು ನನ್ನ ಮೊಬೈಲಿನಲ್ಲಿದೆ. ಎರಡೇ ನುಡಿ.

ನೀವೂ ಇಷ್ಟು ಮಾಡಿ. ನಿಮ್ಮ ಆಸ್ಪತ್ರೆ ಫೈಲಿನ ಕೊನೆಯ ಹಾಳೆಯಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ, ನಿಮ್ಮ ಐದು ಹಾಡು ಬರೆಯಿರಿ. ಬೆಳಗಿನದು, ನಡಿಗೆಯದು, ಸಿಟ್ಟಿನದು, ದುಃಖದ್ದು, ರಾತ್ರಿಯದು. ಅದನ್ನು ಮನೆಯ ಗ್ರೂಪಿಗೆ ಹಾಕಿ, ಉಳಿದವರ ಐದನ್ನೂ ಕೇಳಿ. ಹಿರಿಯರು ಬರೆಯಲಾರದಿದ್ದರೆ ಹತ್ತಿರ ಕೂತು ಕೇಳಿ ಬರೆದುಕೊಳ್ಳಿ. ಅವರದು ಎಲ್ಲೂ ಸಿಗದ ಹಾಡಾದರೆ ಇವತ್ತೇ ರೆಕಾರ್ಡ್ ಮಾಡಿಕೊಳ್ಳಿ. ನಾಳೆಗೆ ಒಂದು ನುಡಿ ಕಡಿಮೆಯಾಗಬಹುದು.

ಅಂದಹಾಗೆ, ಆ ವಿಜಯಪುರದ ಹಿರಿಯರು ಆರಾಮಾಗಿದ್ದಾರೆ. ಒಂದು ಸ್ಟೆಂಟ್ ಹಾಕಿದೆವು. ಕಳೆದ ಸಲ ತಪಾಸಣೆಗೆ ಬಂದಾಗ ಮಗ ಫೈಲ್ ತೆರೆದು ತೋರಿಸಿದ. ಮಾತ್ರೆಗಳ ಕೆಳಗೆ ಮರಾಠಿ ಶಾಲೆಯಲ್ಲಿ ಓದುವ ಮೊಮ್ಮಗಳು ಹೊಸದಾಗಿ ಕಲಿತ ಕನ್ನಡ ಅಕ್ಷರದಲ್ಲಿ ಬರೆದಿದ್ದಳು: "ಅಜ್ಜನ ಹಾಡು – ಶರೀಫರ ಪದ".

ಮುಂದಿನ ಲೇಖನದಲ್ಲಿ ಕೊಲೆಸ್ಟ್ರಾಲ್ ಬಗ್ಗೆ ಮಾತಾಡೋಣ. ಅಲ್ಲಿಯವರೆಗೆ ಮಾತ್ರೆ ತಪ್ಪಿಸಬೇಡಿ, ಹಾಡು ಮರೆಯಬೇಡಿ.

ಉಪಯೋಗವೆನಿಸಿದರೆ ನಿಮ್ಮವರಿಗೂ ಕಳಿಸಿ.

– ಹೃದ್ರೋಗ ತಜ್ಞ, ಎಂ.ಡಿ., ಧನಕವಡಿ, ಪುಣೆ