ಹನ್ನೊಂದು ಮಂದಿಯ ಮಾತು

ವೈದ್ಯರ ಕೈಗುಣದ ಬಗ್ಗೆ ಊರೆಲ್ಲ ಮಾತಾಡುತ್ತದೆ. ಆ ಮಾತನ್ನು ಅಳೆಯಬಹುದೇ? ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪಾಲ್ ರಾಮ್ಸಿ ಮತ್ತು ಸಂಗಡಿಗರು ಈ ಪ್ರಶ್ನೆಯ ಬೆನ್ನು ಹತ್ತಿದರು.

ಅವರು ಮೊದಲು ಹುಡುಕಹೊರಟದ್ದು ಬೇರೆಯದನ್ನು: ತಜ್ಞರ ಪರೀಕ್ಷೆ ಪಾಸಾದವರು ವರ್ಷಗಳ ನಂತರವೂ ಒಳ್ಳೆಯ ವೈದ್ಯರಾಗಿದ್ದಾರೆಯೇ ಎಂದು. ಲಿಖಿತ ಪರೀಕ್ಷೆಯಿಂದ ತಿಳಿವಳಿಕೆ ಗೊತ್ತಾಗುತ್ತದೆ. ನಡುರಾತ್ರಿ ಕರೆದರೆ ಬರುತ್ತಾರೆಯೇ, ರೋಗಿಯ ಮನೆಯವರೊಡನೆ ಹೇಗೆ ಮಾತಾಡುತ್ತಾರೆ ಎಂಬುದು ಗೊತ್ತಾಗುವುದಿಲ್ಲ. ಅದು ಗೊತ್ತಿರುವುದು ಜೊತೆಯಲ್ಲಿ ದುಡಿಯುವವರಿಗೆ. ಆದರೆ ಗೆಳೆಯರನ್ನು ಕೇಳಿದರೆ ಹೊಗಳಿಕೆಯಲ್ಲದೆ ಇನ್ನೇನು ಬಂದೀತು?

ತಂಡ ಈ ಅನುಮಾನವನ್ನೇ ಒರೆಗೆ ಹಚ್ಚಿತು. ಸಹೋದ್ಯೋಗಿಗಳ ಒಂದು ಪಟ್ಟಿಯನ್ನು ವೈದ್ಯರೇ ಕೊಟ್ಟರು, ಇನ್ನೊಂದನ್ನು ಮೇಲಧಿಕಾರಿಗಳು. ಎರಡರಿಂದಲೂ ಆಯ್ದವರಿಗೆ ಪ್ರಶ್ನಾವಳಿ ಅಂಚೆಯಲ್ಲಿ ಹೋಯಿತು: ವೈದ್ಯಕೀಯ ಜ್ಞಾನ, ಹೊಣೆಗಾರಿಕೆ, ಪ್ರಾಮಾಣಿಕತೆ, ಕರುಣೆ. ಜೊತೆಗೆ, ಈ ವೈದ್ಯರಿಗೂ ನಿಮಗೂ ಒಡನಾಟ ಎಷ್ಟು ಎಂಬುದೂ.

ಫಲಿತಾಂಶ 1993ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಬಂತು. ಯಾರು ಪಟ್ಟಿ ಕೊಟ್ಟರು, ಎಷ್ಟು ಸ್ನೇಹವಿದೆ ಎಂಬುದರಿಂದ ಅಂಕಗಳಲ್ಲಿ ದೊಡ್ಡ ವ್ಯತ್ಯಾಸವಾಗಿರಲಿಲ್ಲ. ಉತ್ತರಗಳು ಎರಡು ಗುಂಪಾಗಿ ಒಡೆದುಕೊಂಡವು: ಒಂದು ಚಿಕಿತ್ಸೆಯ ಜಾಣ್ಮೆ, ಇನ್ನೊಂದು ಮನುಷ್ಯತ್ವ. ನಂಬಬಹುದಾದ ಅಂದಾಜಿಗೆ ಹನ್ನೊಂದು ವೈದ್ಯರ ಉತ್ತರ ಬೇಕು. ಒಬ್ಬರ ಮಾತು ಬರೀ ಅಭಿಪ್ರಾಯ; ಹನ್ನೊಂದು ಮಂದಿ ಬೇರೆ ಬೇರೆ ಕುಳಿತು ಹೇಳಿದಾಗ ಅದಕ್ಕೆ ತೂಕ ಬರುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಅದೇ ವರ್ಷ ಈ ತಂಡ ಆಸ್ಪತ್ರೆಯ ನರ್ಸ್‌ಗಳನ್ನು ಕೇಳಿ ಪಡೆದ ಉತ್ತರ. ಮಾನವೀಯ ಗುಣಗಳಿಗೆ ವೈದ್ಯರು ವೈದ್ಯರಿಗೆ ಕೊಟ್ಟದ್ದಕ್ಕಿಂತ ನರ್ಸ್‌ಗಳು ಕೊಟ್ಟ ಅಂಕ ಕಡಿಮೆ. ಹಾಸಿಗೆಯ ಪಕ್ಕದಲ್ಲಿ ದಿನವಿಡೀ ನಿಲ್ಲುವವರಿಗೆ ಕಾಣುವುದೇ ಬೇರೆ. ಅವರನ್ನು ಕೇಳದ ಯಾವ ಮೌಲ್ಯಮಾಪನವೂ ಅರೆಬರೆ ಎಂದೇ ನನಗನಿಸುತ್ತದೆ.

ಕೆನಡಾದ ಆಲ್ಬರ್ಟಾ ಪ್ರಾಂತ್ಯ 1999ರಲ್ಲಿ ತನ್ನ ವೈದ್ಯರಿಗೆ ಇಂಥ ವ್ಯವಸ್ಥೆ ತಂದಿತು. ಸಹೋದ್ಯೋಗಿಗಳ ಜೊತೆಗೆ ರೋಗಿಗಳನ್ನೂ ಕೇಳಿತು. ಬ್ರಿಟನ್ನಿನಲ್ಲಿ 2012ರ ಕೊನೆಯಿಂದ ಪರವಾನಗಿ ಉಳಿಸಿಕೊಳ್ಳಲು ವೈದ್ಯರು ಐದು ವರ್ಷಕ್ಕೊಮ್ಮೆಯಾದರೂ ಸಹೋದ್ಯೋಗಿಗಳು, ರೋಗಿಗಳು ಇಬ್ಬರ ಅಭಿಪ್ರಾಯವನ್ನೂ ಪಡೆಯಬೇಕು.

ಗೆಳೆಯರ ಪ್ರಶ್ನೆ ಮಾತ್ರ ಮುಗಿದಿರಲಿಲ್ಲ. ಕೆಲಸದ ಬಗ್ಗೆ ದೂರು ಬಂದಿದ್ದ ವೈದ್ಯರನ್ನು ಕುರಿತು ಬ್ರಿಟನ್ನಿನಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರೇ ಆರಿಸಿದ ಸಹೋದ್ಯೋಗಿಗಳು ಕೊಟ್ಟ ಅಂಕ ಸಂಸ್ಥೆ ಆರಿಸಿದವರದ್ದಕ್ಕಿಂತ ಹೆಚ್ಚಿತ್ತು. ಕಷ್ಟದಲ್ಲಿರುವ ವೈದ್ಯರ ಮಟ್ಟಿಗಾದರೂ ಪಟ್ಟಿಯನ್ನು ಅವರ ಕೈಗೇ ಬಿಡುವಂತಿಲ್ಲ.